ಹಿತ್ತಲು ನೋಡಿದವಳು

ಗಂಜಿ ಇನ್ನೊಂದು ಕುದಿ ಬರಬೇಕಿತ್ತು, ಅಷ್ಟರಲ್ಲಿ ಬೀದಿಯಲ್ಲಿ ವ್ಯಾನು ನಿಂತ ಸದ್ದಾಯಿತು. ಪಟಾಲಮ್ಮ ತಿರುವುವ ಕೈ ನಿಲ್ಲಿಸಲಿಲ್ಲ. ರಾಗಿ ಗಂಜಿಯನ್ನು ಒಂದು ಗಳಿಗೆ ಬಿಟ್ಟರೂ ಗಂಟು ಕಟ್ಟುತ್ತದೆ. ಗಂಟಾದರೆ ಅತ್ತೆ ಸೊಣ್ಣಮ್ಮನ ಗಂಟಲಲ್ಲಿ ಇಳಿಯುವುದಿಲ್ಲ. ಹತ್ತೊಂಬತ್ತು ದಿನದಿಂದ ಇದೇ ಹೊತ್ತಿಗೆ ಗಂಜಿ ಕಾಯಿಸಿ, ಡಬ್ಬಿಗೆ ಹುಯ್ದು, ಬಿಸಿ ಆರದಂತೆ ಹಳೇ ಸೀರೆಯ ಚೂರಿನಲ್ಲಿ ಸುತ್ತಿ, ಯಲಹಂಕದ ಕಡೆಯ ತಮ್ಮೂರು ಸಿಂಗಾಪುರದಿಂದ ಮೊದಲ ಬಸ್ಸಿಗೆ ಹೆಬ್ಬಾಳಕ್ಕೆ ಹೋಗುತ್ತಿದ್ದಳು. ಅಲ್ಲಿಂದ ತಣಿಸಂದ್ರದ ಕಡೆಗೆ ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಕಾಲು.

"ಅಮ್ಮಾ, ಅಕ್ಬರಮ್ಮ ಬಂದವ್ರೆ" ಎಂದು ಮಗಳು ಮುನಿಲಕ್ಷ್ಮಿ ಬಾಗಿಲಲ್ಲಿ ನಿಂತು ಹೇಳಿದಳು. ಒಂಬತ್ತು ವರ್ಷದ ಹುಡುಗಿ. ಒಂದು ಜಡೆ ಹೆಣೆದಿತ್ತು, ಇನ್ನೊಂದು ಬಿಚ್ಚಿತ್ತು.

ಅಕ್ಬರಿ ತಣಿಸಂದ್ರದ ಸಿಸ್ಟರುಗಳ ಮನೆಯಲ್ಲಿ ಆಯಾ. ಸಾಯುವವರನ್ನು ಸಾಯುವ ತನಕ ನೋಡಿಕೊಳ್ಳುವ ಮನೆ ಅದು. ಸೊಣ್ಣಮ್ಮನನ್ನು ಅವಳು 'ದಾದಿ' ಎನ್ನುತ್ತಿದ್ದಳು, ತನ್ನ ಮಾತಿನಲ್ಲಿ ಅಜ್ಜಿ ಎಂದು. ಅವಳು ಇಷ್ಟು ದೂರ, ಇಷ್ಟು ಬೆಳಿಗ್ಗೆ ಬರಲು ಒಂದೇ ಕಾರಣವಿತ್ತು. ಪಟಾಲಮ್ಮನ ಕೈ ಆಗ ನಿಂತಿತು.

"ಅಕ್ಕಾ" ಎಂದಳು ಅಕ್ಬರಿ, ಒಳಗೆ ಬರದೆ. "ಐದೂವರೆಗೆ ಹೋಗ್ಬಿಟ್ರು. ನೋವಿರ್ಲಿಲ್ಲ, ಅಲ್ಲಾನ ಮೇಲಾಣೆ. ರಾತ್ರಿ ಸಿಸ್ಟರ್ ಸೂಜಿ ಹಾಕಿದ್ರು. ಬೆಳಿಗ್ಗೆ ಕಣ್ಣು ಬಿಟ್ಟು 'ಗಂಜಿ ಬಂತಾ' ಅಂದ್ರು. ಮೊದಲ್ನೇ ಬಸ್ಸಿಗೆ ಬರುತ್ತೆ, ಮಲ್ಕೋ ದಾದಿ ಅಂದೆ. ಮಲ್ಕೊಂಡ್ರು."

ಒಲೆಯ ಮೇಲೆ ಗಂಜಿ ಬುಳಕ್ ಬುಳಕ್ ಎನ್ನುತ್ತ ಗಂಟಾಗತೊಡಗಿತ್ತು.

ಎಂಟು ಗಂಟೆಯ ಹೊತ್ತಿಗೆ ಊರೆಲ್ಲ ಅಂಗಳಕ್ಕೆ ಬಂತು. ಯಲಹಂಕದಿಂದ ಸೊಣ್ಣಮ್ಮನ ತಮ್ಮ ಮುನಿಕೃಷ್ಣಪ್ಪ ಬುಲೆಟ್ ಮೋಟಾರ್ ಸೈಕಲ್ಲಿನಲ್ಲಿ ಬಂದಿಳಿದ. ವ್ಯಾನಿನಲ್ಲಿದ್ದ ಅಕ್ಕನ ಮುಖ ನೋಡಿ ಒಂದು ಗಳಿಗೆ ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಸುತ್ತ ನೋಡಿದ.

"ಒಳೀಕೆ ತರಬ್ಯಾಡ್ರಿ. ಒರಗೆ ಪ್ರಾಣ ಬಿಟ್ಟ ಎಣ ಒಸ್ತಿಲು ದಾಟಂಗಿಲ್ಲ. ಇಲ್ಲೇ ಜಗುಲಿಗೆ ಒರಗಿಸ್ರಿ."

ಒರಗಿಸಿದರು. ನಲವತ್ತು ವರ್ಷ ತಾನೇ ಸಾರಿಸಿದ ಜಗುಲಿಗೆ ಬೆನ್ನು ಕೊಟ್ಟು, ತಲೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಸೊಣ್ಣಮ್ಮ ಬೀದಿ ನೋಡುತ್ತ ಕೂತಳು. ಮಗ ಲಕ್ಕಣ್ಣ ಅವಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂತ. ಹೆಂಡತಿಯ ಕಡೆ ನೋಡಲಿಲ್ಲ. ತಾನು ತೋಟದಲ್ಲಿದ್ದಾಗ ಅವ್ವನನ್ನು ಕಳಿಸಿದಂದಿನಿಂದ, ಹತ್ತೊಂಬತ್ತು ದಿನ, ನೋಡಿರಲಿಲ್ಲ.

ಹೆಂಗಸರು ಗುಂಪಾಗಿ ಕೂತರು. ಅಳು ಒಂದು ಸುತ್ತು ಮುಗಿದು ಮಾತು ಶುರುವಾಯಿತು.

"ಮನೆ ತುಂಬ ಜನ ಇದ್ರೂವೆ ಯಾರ್‍ದೋ ಮನೇಲಿ ಸಾಯಂಗಾಯ್ತಲ್ಲವ್ವಾ."

"ಶಿಲುಬೆ ಕೆಳಗೆ ಮಲಗ್ಸಿದ್ರಂತೆ."

"ಸೊಸೆಗೆ ಮೈ ತೊಳ್ಯಕ್ಕೆ ಅಸಯ್ಯ ಆಗಿರ್ಬೇಕು, ಪಾಪ."

ಆ 'ಪಾಪ' ತನಗೋ ಅತ್ತೆಗೋ ಎಂದು ಪಟಾಲಮ್ಮನಿಗೆ ತಿಳಿಯಲಿಲ್ಲ. ಅವಳು ನೀರು ಕಾಯಿಸುವ ಹಂಡೆಯ ಕೆಳಗೆ ಸೌದೆ ತುರುಕುತ್ತಿದ್ದಳು. ಅವರ ವಂಶದಲ್ಲಿ ಅತ್ತೆಯ ಹೆಣಕ್ಕೆ ಮೊದಲ ಬಿಂದಿಗೆ ನೀರು ಸೊಸೆಯೇ ಹುಯ್ಯಬೇಕು. ಆ ಬಿಂದಿಗೆ ಬಗ್ಗಿಸಿದ ಕೈಗೇ ಮನೆ ಸೇರುತ್ತದೆ. ಹುಯ್ಯದ ಸೊಸೆ ಆ ಮನೆಯಲ್ಲಿ ಬಾಳಬಹುದು, ಬಾಡಿಗೆಗೆ ಬಂದವಳ ಹಾಗೆ.

"ನೀರು ಕಾಯ್ತಾ?" ಮುನಿಕೃಷ್ಣಪ್ಪ ಕೇಳಿದ. "ಮೊದಲ ಬಿಂದಿಗೆ ನನ್ ಮಗಳು ಉಯ್ತಾಳೆ. ಒರಗಾಕಿದೋಳ ಕೈ ನಮ್ಮಕ್ಕನ ಮೈ ಮುಟ್ಟಬಾರ್ದು."

ಲಕ್ಕಣ್ಣ ನೆಲ ನೋಡುತ್ತಿದ್ದ.

*

ಸೊಣ್ಣಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಬಿಡಿಸಿದ ದ್ರಾಕ್ಷಿಯನ್ನು ಕುಕ್ಕೆಗೆ ತುಂಬುವುದು, ಎರಡು ಹಸು ಕರೆಯುವುದು, ಸೊಪ್ಪು ಮಾರುವುದು, ಇಷ್ಟೇ ಅವಳ ಬದುಕು. ಆದರೆ ಸಿಂಗಾಪುರದಲ್ಲಿ ಯಾರ ಮನೆ ಹೆಣ್ಣಿಗೆ ಸಂಬಂಧ ಬಂದರೂ ಗಂಡಿನ ಮನೆ ನೋಡಲು ಅವಳೇ ಹೋಗಬೇಕು. ಬರುವ ದಿನ ಹೇಳುತ್ತಿರಲಿಲ್ಲ. ಮಧ್ಯಾಹ್ನ ಉಣ್ಣುವ ಹೊತ್ತಿಗೆ, ಹಿತ್ತಲ ಕಡೆಯಿಂದ ನುಗ್ಗುತ್ತಿದ್ದಳು.

"ಪಡಸಾಲೆ ಸುಳ್ಳಾಡ್ತದೆ ಕಣೇ, ಇತ್ತಲಿಗೆ ಸುಳ್ಳು ಬರಾಕಿಲ್ಲ" ಎನ್ನುತ್ತಿದ್ದಳು. ದನದ ಬಾನಿಯಲ್ಲಿ ನೀರಿದೆಯೇ, ಬಟ್ಟೆ ಒಗೆಯುವ ಕಲ್ಲು ಒದ್ದೆಯಿದೆಯೇ, ಮನೆಯ ಮುದುಕರಿಗೆ ಎಷ್ಟು ಹೊತ್ತಿಗೆ ತಟ್ಟೆ ಬರುತ್ತದೆ, ಇವನ್ನು ನೋಡಿದರೆ ಮುಗಿಯಿತು. ಒಪ್ಪಿಗೆಯಾದರೆ ಒಂದೇ ಮಾತು: "ಈ ಮನೇಗೆ ಎಣ್ಣು ಕೊಡಬೌದು." ಒಮ್ಮೆ ಸ್ವಂತ ತಮ್ಮನ ಮನೆಗೂ ಹಾಗೇ ಹೋಗಿದ್ದಳು, ಲಕ್ಕಣ್ಣನಿಗೆ ತಮ್ಮನ ಮಗಳನ್ನು ತರಬೇಕೆಂದಿದ್ದಾಗ. ಸುಡುಬಿಸಿಲಲ್ಲಿ ಬಾನಿ ಬತ್ತಿತ್ತು, ಎಮ್ಮೆ ನಾಲಿಗೆ ಚಾಚಿ ನಿಂತಿತ್ತು. ನೀರು ಸೇದಿ ಬಾನಿ ತುಂಬಿಸಿ, ಊಟ ಮಾಡದೆ ವಾಪಸು ಬಂದಿದ್ದಳು.

ಕಳೆದ ಯುಗಾದಿಯ ಆಚೆ ಅವಳ ಹೊಟ್ಟೆಯಲ್ಲಿ ಗೆಡ್ಡೆ ಕಾಣಿಸಿತು. ದೊಡ್ಡಾಸ್ಪತ್ರೆಯವರು ಎರಡು ತಿಂಗಳು ನೋಡಿ, ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರ್ಕೊಂಡ್ ಹೋಗಿ ಎಂದರು. ಮನೆಯಲ್ಲಿ ನೋವಿಗೆ ಮದ್ದಿರಲಿಲ್ಲ. ಅವಳು ಸೆರಗು ಕಚ್ಚಿ ನರಳುವುದನ್ನು ಕೇಳಲಾಗದೆ ಲಕ್ಕಣ್ಣ ತೋಟದ ಪಂಪಿನ ಮನೆಯಲ್ಲಿ ಮಲಗತೊಡಗಿದ. ತಾಯಿಗೆ ಅದು ಗೊತ್ತಿತ್ತು.

"ನೋವಿಗೆ ಸೂಜಿ ಆಕಿ, ಮೈ ತೊಳ್ದು, ಸಾಯೋ ಗಂಟ ಇಟ್ಕೊಳೋ ಜಾಗ ಅಂತ ಇರ್ತದಂತಲ್ಲ" ಎಂದಳು ಸೊಸೆಗೆ. "ನೀ ಓಗಿ ನೋಡು. ನಾ ಮನೆ ನೋಡ್ತಿದ್ನಲ್ಲ, ಅಂಗೆ ನೋಡು. ನೋಡಿದ್ನ ಇದ್ದಂಗೆ ಬಂದು ಏಳು."

ಪಟಾಲಮ್ಮ ಮೊದಲು ಆರ್‌.ಟಿ. ನಗರದ ಒಂದು ನರ್ಸಿಂಗ್ ಹೋಮಿಗೆ ಹೋದಳು. ಮುಂದುಗಡೆ ಮೊಸಾಯಿಕ್ ನೆಲ, ಮೀನಿನ ತೊಟ್ಟಿ. ಹಿಂದಕ್ಕೆ ಸುತ್ತಿ ಹೋದಾಗ ಬಕೆಟ್ಟಿನಲ್ಲಿ ನೆನೆಸಿಟ್ಟ ಬಟ್ಟೆಯ ಮೇಲೆ ನೊಣ. ಕಿಟಕಿಯಲ್ಲಿ ಒಬ್ಬ ಮುದುಕ ಕಂಡ. ಅವನ ನೀರಿನ ಲೋಟ ಕಾಲ ದೆಸೆಯ ಸ್ಟೂಲಿನ ಮೇಲಿತ್ತು. ಅವಳು ನಿಂತಷ್ಟು ಹೊತ್ತೂ ಅವನು ಆ ಲೋಟವನ್ನೇ ನೋಡುತ್ತಿದ್ದ.

"ಲೋಟ ಎಲ್ಲಿತ್ತು ಅಂದೆ?" ಅತ್ತೆ ಕೇಳಿದಳು.

"ಕಾಲತ್ರ."

"ಬ್ಯಾಡ. ಮುಂದಿನ್ದು ನೋಡು."

ಯಶವಂತಪುರದಲ್ಲಿ ಒಬ್ಬ ನಿವೃತ್ತ ನರ್ಸು ಮನೆಯಲ್ಲೇ ನಾಲ್ಕು ಜನರನ್ನು ಇಟ್ಟುಕೊಂಡಿದ್ದಳು. ಒಳ್ಳೆಯ ಹೆಂಗಸು, ನಗುನಗುತ್ತ ಮಾತಾಡಿದಳು. ಒಬ್ಬಳೇ, ಸುಸ್ತಾಗಿದ್ದಳು. ಒಬ್ಬ ಅಜ್ಜಿಯನ್ನು ಮಗ್ಗುಲಿಗೆ ಹೊರಳಿಸಲು ಪಟಾಲಮ್ಮ ಕೈ ಕೊಟ್ಟಾಗ ಬೆನ್ನಿನ ಹುಣ್ಣು ಕಂಡಿತು.

ಮೂರನೆಯದು ತಣಿಸಂದ್ರ. ಹಿತ್ತಲ ಗೇಟು ದೂಡಿದಾಗ ಒಗೆಯುವ ಕಲ್ಲಿನ ಬಳಿ ಅಕ್ಬರಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಯಾರಮ್ಮಾ ನೀನು? ಮುಂದೆ ಅಷ್ಟು ದೊಡ್ಡ ಬಾಗ್ಲಿದೆ, ಕಳ್ಳಿ ಥರ ಹಿಂದೆಯಿಂದ ಬರ್ತೀಯಲ್ಲ!"

ಪಟಾಲಮ್ಮ ಉತ್ತರ ಕೊಡದೆ ತಂತಿಯ ಮೇಲಿನ ದುಪ್ಪಟಿ ಎಣಿಸಿದಳು. ಇಪ್ಪತ್ತೆರಡು. ಒಳಗೆ ಮಂಚ ಹನ್ನೊಂದು. ಪ್ರತಿ ತಲೆದಿಂಬಿನ ಪಕ್ಕದಲ್ಲೂ ಕೈಗೆಟುಕುವ ಹಾಗೆ ಲೋಟ.

*

"ಏನಪ್ಪಾ ಮುನಿಕೃಷ್ಣಪ್ಪ" ಎಂದಳು ಪಕ್ಕದ ಮನೆಯ ದ್ಯಾವಮ್ಮ. ಸೊಣ್ಣಮ್ಮನ ಓರಗೆಯವಳು, ಬಾಯಿ ಬಿಗಿ ಹಿಡಿದು ಅಭ್ಯಾಸವಿಲ್ಲದವಳು. "ನಿನ್ ಮಗಳು ಉಯ್ಯಕ್ಕೆ ನಿಮ್ಮನೆ ಬಾನೀಲಿ ಈಗ್ಲಾದ್ರೂ ನೀರೈತಾ?"

ಯಾರೋ ಕಿಸಕ್ಕೆಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

"ಸಾವಿನ ಮನೇಲಿ ಬಾಯಿಗೆ ಬಂದಂಗೆ ಆಡಬ್ಯಾಡ ದ್ಯಾವಕ್ಕ" ಮುನಿಕೃಷ್ಣಪ್ಪನ ಮುಖ ಕೆಂಪಾಯಿತು. "ಎಮ್ಮೆ ಮಾತು ಬಿಡು. ನಮ್ಮಕ್ಕನ ಮಾತಾಡು. ಸೊಂಟದಾಗಿನ ಕೂಸಿನಂಗೆ ನೋಡ್ಕೋಬೇಕಾದೋರು ಎತ್ಕೊಂಡೋಗಿ ಗೊತ್ತಿಲ್ದೋರ ಮನೇಲಿ ಬಿಟ್ಟವ್ರೆ. ಅವಳ ಬಾಯಿಗೆ ಕೊನೇ ನೀರು ಯಾರ್ ಬಿಟ್ರು? ಮಗ ಬಿಟ್ಟನಾ? ಸೊಸೆ ಬಿಟ್ಲಾ?"

"ನಾನು ಬಿಟ್ಟೆ ಸಾಹೇಬ್ರೆ" ಎಂದಳು ಅಕ್ಬರಿ.

ಎಲ್ಲರೂ ತಿರುಗಿದರು. ಅವಳು ಗೇಟಿನ ಕಂಬದ ಪಕ್ಕ, ಕೈಯಲ್ಲಿ ಸೊಣ್ಣಮ್ಮನ ಬಟ್ಟೆ ಗಂಟು ಹಿಡಿದು ನಿಂತಿದ್ದಳು. ತೊಳೆದು ಮಡಿಸಿದ ಎರಡು ಸೀರೆ. "ದಾದಿ ನನ್ನ ಕೈಯಲ್ಲಿ ಕುಡೀತಿದ್ರು. ಬೇಡ ಅಂದಿಲ್ಲ ಒಂದು ದಿನಾನೂ. ಅವ್ರು ತಾನೇ ಆವತ್ತು ಆಟೋದಲ್ಲಿ ಬಂದು ನನ್ನ ಕೈ..."

ಪಟಾಲಮ್ಮ ಹಂಡೆಯ ಬಳಿಯಿಂದ ಎದ್ದು ಬಂದು ಆ ಗಂಟು ತೆಗೆದುಕೊಂಡಳು. ತೆಗೆದುಕೊಳ್ಳುವಾಗ ಅಕ್ಬರಿಯ ಕೈಯನ್ನು ಗಟ್ಟಿಯಾಗಿ ಅದುಮಿದಳು. ಅಕ್ಬರಿ ಅವಳ ಮುಖ ನೋಡಿ ಮಾತು ನುಂಗಿದಳು.

ಜಗುಲಿಯ ಮೂಲೆಯಿಂದ ಮುನಿಲಕ್ಷ್ಮಿ ಅಮ್ಮನ ಕೈಯನ್ನೂ ಅಕ್ಬರಿಯ ಕೈಯನ್ನೂ ನೋಡುತ್ತಿದ್ದಳು.

*

ಆವತ್ತಿನ ಬಾಡಿಗೆ ಆಟೋ ಹೆಬ್ಬಾಳದ ಆನಂದಪ್ಪನದು. ಲಕ್ಕಣ್ಣ ದ್ರಾಕ್ಷಿ ಹಾಕಲು ಮಾರ್ಕೆಟ್ಟಿಗೆ ಹೋದ ದಿನ ಸೊಣ್ಣಮ್ಮ ಹಠ ಹಿಡಿದಿದ್ದಳು: "ನೀ ನೋಡಿದ್ದು ನೋಡ್ದೆ. ನಾ ಓಗೋ ಮನೆ ನಾ ನೋಡಬ್ಯಾಡ್ವಾ?" ಹಳ್ಳ ಬಂದಲ್ಲೆಲ್ಲ ಅವಳ ಉಗುರು ಸೊಸೆಯ ತೋಳಿಗೆ ಇಳಿಯುತ್ತಿತ್ತು. ಮೊಮ್ಮಗಳು ಕಾಲ ಬಳಿ ಕೂತು ಅಜ್ಜಿಯ ಪಾದ ಹಿಡಿದುಕೊಂಡಿದ್ದಳು.

"ಮುಂದಲ ಗೇಟಿಗೆ ಬ್ಯಾಡ ಆನಂದಪ್ಪ, ಇಂದಕ್ಕೆ ಓಡ್ಸು."

ಇಳಿಯಲು ಆಗಲಿಲ್ಲ. ಆಟೋದಲ್ಲೇ ಕೂತು ಅಡುಗೆಮನೆಯ ಹೊಗೆ ನೋಡಿದಳು, ಒಗೆಯುವ ಕಲ್ಲು ನೋಡಿದಳು. ಅಕ್ಬರಿಯನ್ನು ಹತ್ತಿರ ಕರೆದು ಅವಳ ಎರಡೂ ಕೈಗಳನ್ನು ಮೂಗಿನ ಬಳಿ ತಂದುಕೊಂಡು ಮೂಸಿದಳು. ಸೋಡಾ ಪುಡಿ, ಡೆಟಾಲು. ಬೆರಳ ಸಂದುಗಳು ನೀರಲ್ಲಿ ನೆನೆದು ಬಿಳಿಚಿದ್ದವು.

"ಎಷ್ಟು ಜನುಕ್ಕೆ ಮೈ ತೊಳೀತೀಯವ್ವ ದಿನಕ್ಕೆ?"

"ಹನ್ನೊಂದು ಜನಕ್ಕೆ, ದಾದಿ. ಕೆಲವರಿಗೆ ಎರಡು ಸಲ."

ಸೊಣ್ಣಮ್ಮ ಸೊಸೆಯ ಕಡೆ ತಿರುಗಿ ನಕ್ಕಳು. ಎಷ್ಟೋ ದಿನದ ಮೇಲೆ. "ಈ ಮನೇಗೆ ಎಣ್ಣು ಕೊಡಬೌದು" ಎಂದಳು. "ಗಂಜಿ ಮಾತ್ರ ನಮ್ಮನೇದೇ ಬೇಕು."

ವಾಪಸು ಬರುವಾಗ ಹೆಬ್ಬಾಳದ ಕೆರೆ ಏರಿಯ ಮೇಲೆ ಆಟೋ ನಿಲ್ಲಿಸಲು ಹೇಳಿದಳು. ಆನಂದಪ್ಪ ಬೀಡಿ ಸೇದಲು ದೂರ ಹೋದ.

"ಲಕ್ಕಣ್ಣಂಗೆ ಇದು ಗೊತ್ತಾಗಬಾರ್ದು. ಅವ್ವ ತಾನಾಗೇ ಓದ್ಲು ಅಂದ್ರೆ, ನಾ ಪಂಪಿನ ಮನೇಲಿ ಮಲಗಿದ್ದಕ್ಕೇ ಓದ್ಲು ಅಂತ ಆ ನನ್ ಮಗ ಜೀವಮಾನ ಕೊರಗ್ತಾನೆ. ನೀ ಕಳಿಸ್ದೆ ಅಂತಿರ್ಲಿ. ಸೊಸೆ ಮ್ಯಾಲಿನ ಬೈಗುಳ ಎಮ್ಮೆ ಮ್ಯಾಲಿನ ಮಳೆ ಕಣೇ, ಜಾರೋಗ್ತದೆ." ಸ್ವಲ್ಪ ಉಸಿರು ತೆಗೆದುಕೊಂಡು ಕೈ ಚಾಚಿದಳು. "ಆಣೆ ಇಡು. ಲೇ ಪುಟ್ಟಿ, ನೀನೂವೆ."

ಆ ಒಣಗಿದ ಅಂಗೈ ಮೇಲೆ ಪಟಾಲಮ್ಮ ಕೈಯಿಟ್ಟಳು. ಅದರ ಮೇಲೆ ಸಣ್ಣ ಕೈಯೊಂದು ಬಂದು ಕೂತಿತು.

*

ಎಮ್ಮೆ ಮೇಲಿನ ಮಳೆ ಜಾರಲಿಲ್ಲ. ಹತ್ತೊಂಬತ್ತು ದಿನವೂ ಅದು ಪಟಾಲಮ್ಮನ ಚರ್ಮದೊಳಕ್ಕೆ ಇಳಿದಿತ್ತು. ಬಸ್ಸಿನಲ್ಲಿ, ಬಾವಿಕಟ್ಟೆಯಲ್ಲಿ, ಡೈರಿಯ ಸಾಲಿನಲ್ಲಿ, ಗಂಡನ ಬೆನ್ನಿನಲ್ಲಿ.

ಹಂಡೆಯ ನೀರು ಕಾದಿತ್ತು. ಅವಳು ತಾಮ್ರದ ಬಿಂದಿಗೆ ತುಂಬಿ ಸೊಂಟಕ್ಕೆ ಏರಿಸಿಕೊಂಡು ಅತ್ತೆಯ ಕಡೆ ನಾಲ್ಕು ಹೆಜ್ಜೆ ಇಟ್ಟಳು. ಮುನಿಕೃಷ್ಣಪ್ಪ ಅಡ್ಡ ನಿಂತ.

"ಇಳಿಸು."

"ದಾರಿ ಬಿಡಿ ಮಾವ. ನನ್ ಅತ್ತೆ ಅವ್ರು."

"ಅತ್ತೆ ಅನ್ನೋದು ಅವತ್ತೆಲ್ಲಿ ಓಗಿತ್ತು? ಲೇ ಲಕ್ಕಣ್ಣ, ನೀ ಏಳು. ನಿಮ್ಮವ್ವಂಗೆ ಯಾರ್ ನೀರು ಉಯ್ಯಬೇಕು? ನಿನ್ ಬಾಯಲ್ಲಿ ಬರ್ಲಿ."

ಲಕ್ಕಣ್ಣ ಎದ್ದು ನಿಂತ. ಹತ್ತೊಂಬತ್ತು ದಿನದ ಮೇಲೆ ಹೆಂಡತಿಯ ಮುಖ ನೋಡಿದ. ಅವನ ಕಣ್ಣು ನಿದ್ದೆಯಿಲ್ಲದೆ ಊದಿಕೊಂಡಿತ್ತು.

"ನಾ ಒಂದ್ ಮಾತು ಕೇಳ್ತೀನಿ" ಎಂದ. "ಅವ್ವ ಬ್ಯಾಡ ಬ್ಯಾಡ ಅಂದ್ರೂ ಕಳಿಸಿದ್ಯಾ? ಇಲ್ಲ, ಸುಮ್ನೆ ಓದ್ಲಾ? ಅಷ್ಟು ಏಳು ಸಾಕು."

ಪಟಾಲಮ್ಮನ ಬಾಯಿ ತೆರೆಯಿತು. ಒಂದು ಮಾತು ಸಾಕಿತ್ತು. ಆ ಮಾತು ಹೇಳಿದರೆ ಬಿಂದಿಗೆ ಅವಳದು, ಮನೆ ಅವಳದು. ಆದರೆ ಅದೇ ಮಾತು ಈ ಗಂಡಸನ್ನು ಹಿಡಿದು ಪಂಪಿನ ಮನೆಯ ಕತ್ತಲಿಗೆ ತಳ್ಳುತ್ತದೆ, ಇನ್ನೆಂದೂ ಹೊರಗೆ ಬರದ ಹಾಗೆ. ಅವನ ಹಿಂದೆ ಸೊಣ್ಣಮ್ಮ ಜಗುಲಿಗೆ ಒರಗಿ, ಗದ್ದಕ್ಕೆ ಬಟ್ಟೆ ಬಿಗಿಸಿಕೊಂಡು, ಮನೆ ನೋಡಲು ಬಂದವಳ ಹಾಗೆ ನೆಟ್ಟಗೆ ಕೂತಿದ್ದಳು.

ಪಟಾಲಮ್ಮ ಬಾಯಿ ಮುಚ್ಚಿದಳು.

"ನೋಡಿದ್ಯಾ?" ಎಂದ ಮುನಿಕೃಷ್ಣಪ್ಪ. ಮಗಳಿಗೆ ಸನ್ನೆ ಮಾಡಿದ. ಆ ಹೆಣ್ಣು ಮಗಳು ತಲೆ ತಗ್ಗಿಸಿ ಬಂದು ಬಿಂದಿಗೆಗೆ ಕೈ ಚಾಚಿದಳು.

ಪಟಾಲಮ್ಮ ಅದನ್ನು ಕೊಡಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. ನೆಲಕ್ಕೆ ಇಳಿಸಿದಳು. ಇಬ್ಬರು ಹೆಂಗಸರ ನಡುವೆ ಬಿಂದಿಗೆ ಹಬೆಯಾಡುತ್ತ ನಿಂತಿತು. ತುಳುಕಿದ ನೀರು ಮಣ್ಣಿನಲ್ಲಿ ಸಣ್ಣ ದಾರಿ ಮಾಡಿಕೊಂಡು ಸೊಣ್ಣಮ್ಮನ ಪಾದದ ಕಡೆಗೆ ಹರಿಯಿತು.

ಜಗುಲಿಯ ಮೂಲೆಯಿಂದ ಮುನಿಲಕ್ಷ್ಮಿ ಇಳಿದು ಬಂದಳು. ಒಂದು ಜಡೆ ಇನ್ನೂ ಬಿಚ್ಚಿಯೇ ಇತ್ತು. ಅಜ್ಜಿಯ ಮಡಿಲಲ್ಲಿ ಮಡಿಸಿಟ್ಟಿದ್ದ ಕೈಯನ್ನು ಒಮ್ಮೆ ನೋಡಿದಳು, ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಅಮ್ಮನ ಸೆರಗು ಹಿಡಿದು, ಅಪ್ಪನಿಗೂ ಮುನಿಕೃಷ್ಣಪ್ಪ ತಾತನಿಗೂ, ಅಂಗಳಕ್ಕೆಲ್ಲ ಕೇಳುವ ಹಾಗೆ ಕೇಳಿದಳು:

"ಅಮ್ಮಾ, ಅಜ್ಜಿ ಕೈ ಮೇಲೆ ಇಟ್ಟ ಆಣೆ, ಅಜ್ಜಿ ಸತ್ತ ಮೇಲೂ ಇರುತ್ತಾ?"