ಫ್ರೀಜರಿನ ತಳಿ

ಖರೀದಿಗೆ ಮುಂಚೆ ತಪಾಸಣೆಗೆ ಬಂದಿದ್ದ ವಿಜ್ಞಾನಿ ಎರಡು ಬಾಟಲಿಗಳನ್ನು ಕಂಪನಿಯ ಒಡತಿಯ ಮೇಜಿನ ಮೇಲಿಟ್ಟ. ಒಂದರಲ್ಲಿ ನೀರು ತಿಳಿಯಾಗಿತ್ತು. ಇನ್ನೊಂದರಲ್ಲಿ ಹಾಕಿದ ಜಿಡ್ಡು ಹಾಗೇ ತೇಲುತ್ತಿತ್ತು.

"ಇದರಲ್ಲಿರೋದು ನೀವು ಮಾರೋ ಪ್ಯಾಕೆಟ್ಟಿಂದ ಬೆಳೆಸಿದ ಬ್ಯಾಕ್ಟೀರಿಯಾ, ಜಿಡ್ಡೆಲ್ಲ ತಿಂದು ಮುಗಿಸಿದೆ. ಅದು ನಿಮ್ಮ ಫ್ರೀಜರಿನ ಮೂಲ ತಳಿ. ಹದಿನೈದು ದಿನ ಆಯ್ತು, ಮಿಸುಕಾಡಿಲ್ಲ. ಪೇಟೆಂಟ್ ಇರೋದು ಅದಕ್ಕೆ, ನಮ್ಮ ಕಂಪನಿ ಕೊಳ್ಳೋಕೆ ಹೊರಟಿರೋದೂ ಅದನ್ನೇ. ಏನಾಗಿದೆ ಅಂತ ಊಟ ಆದ್ಮೇಲೆ ಹೇಳ್ತೀರಾ?"

ಐವತ್ತಾರು ದಾಟಿ ತಲೆ ಪೂರ್ತಿ ನರೆತರೂ ಮನೆಯವರ ಬಾಯಲ್ಲಿ ಆಕೆ ಇನ್ನೂ ಪುಟ್ಟಿಯೇ. ಹೋಟೆಲ್ ಚರಂಡಿಗಳ ಜಿಡ್ಡು ತಿನ್ನುವ ಬ್ಯಾಕ್ಟೀರಿಯಾ ಕಂಡುಹಿಡಿದು, ಮನೆಯ ಹಿಂದಿನ ಶೆಡ್ಡಿನಲ್ಲಿ ಕಂಪನಿ ಕಟ್ಟಿದವಳು. ಆಗ ಮೂಗು ಮುಚ್ಚಿಕೊಂಡು ನಕ್ಕವರೇ ಆಮೇಲೆ ವೇದಿಕೆಗೆ ಕರೆದು ಸನ್ಮಾನ ಮಾಡಿದ್ದರು. ಈ ಮಾರಾಟ ಕುದುರಿದರೆ ಅವಳ ಬ್ಯಾಕ್ಟೀರಿಯಾ ಹತ್ತಾರು ದೇಶಗಳ ಚರಂಡಿಗೆ ಇಳಿಯುವುದಿತ್ತು. ಎಲ್ಲರಿಗೂ ಸಿಗುವ ಭಾಗ್ಯವೇ ಅದು!

ಲ್ಯಾಬಿನಲ್ಲಿ ಅವಳ ಅಣ್ಣನ ಹೆಂಡತಿ ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಿದ್ದಳು. ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಶೆಡ್ಡಿನ ದಿನಗಳಲ್ಲಿ ಬಾಟಲಿ ತೊಳೆಯಲು ಬಂದು, ಹತ್ತೊಂಬತ್ತು ವರ್ಷಗಳಿಂದ ಬ್ಯಾಕ್ಟೀರಿಯಾ ಬೆಳೆಸುವ ಕೆಲಸವನ್ನೆಲ್ಲ ಅವಳೇ ನೋಡಿಕೊಂಡಿದ್ದಳು.

"ಅತ್ತಿಗೆ, ಪ್ರತಿ ಸಲ ಫ್ರೀಜರಿಂದಲೇ ತೆಗೆದು ಬೆಳೆಸ್ತೀರಿ ತಾನೇ?"

ಅತ್ತಿಗೆಯ ಕೈ ನಿಂತಿತು. "ಮೊದಲ ವರ್ಷ ಹಾಗೇ ಮಾಡ್ತಿದ್ದೆ ಕಣೆ. ಅವು ಬಲು ಸೋಮಾರಿ, ಏಳೋದಕ್ಕೇ ಇಪ್ಪತ್ತು ದಿನ. ಅದಕ್ಕೆ ಚೆನ್ನಾಗಿ ತಿಂದ ಬಾಟಲಿಯಿಂದ ಒಂದು ಚೂರು ಎತ್ತಿಟ್ಟು ಮುಂದಿನದಕ್ಕೆ ಹಾಕ್ದೆ. ಅದರಲ್ಲೂ ಚುರುಕಾದದ್ದನ್ನ ಉಳಿಸ್ಕೊಂಡು ಮಿಕ್ಕಿದ್ದನ್ನ ಚೆಲ್ಲಿದೆ. ಆಮೇಲೆ ಅದೇ ರೂಢಿ ಆಯ್ತು."

"ರಿಜಿಸ್ಟರಿನಲ್ಲಿ ಫ್ರೀಜರಿಂದ ಅಂತಲೇ ಬರೆದಿದೆಯಲ್ಲ!"

"ಹಾಗೇ ಬರೀಬೇಕು ಅಂತ ನೀನೇ ಹೇಳಿದ್ದೆಯಲ್ಲಮ್ಮ."

ಪುಟ್ಟಿಗೆ ಮೈಯೆಲ್ಲ ಉರಿಯಿತು. ಕೂಗಾಡಲು ಬಾಯಿ ತೆರೆದಾಗಲೇ ಹೊಳೆಯಿತು, ಒಳ್ಳೆಯದನ್ನು ಆರಿಸುತ್ತ, ಆರಿಸಿದ್ದರಲ್ಲೂ ಆರಿಸುತ್ತ ಹೋಗುವುದಕ್ಕೇ ತಾನು ಓದಿದ ಪುಸ್ತಕಗಳಲ್ಲಿ ತಳಿ ಸುಧಾರಣೆ ಎಂದಿದ್ದರು. ಇಷ್ಟು ವರ್ಷ ಮಾರುಕಟ್ಟೆ ಗೆದ್ದದ್ದು ತನ್ನ ಬ್ಯಾಕ್ಟೀರಿಯಾ ಅಲ್ಲ, ಅತ್ತಿಗೆಯದು. ಸಿಟ್ಟಿಗಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು. ಅದಕ್ಕೆ ನಾಚಿಕೆಯೂ ಆಯಿತು.

ಅತ್ತಿಗೆ ದನಿ ತಗ್ಗಿಸಿದಳು. "ಈಗಿರೋದನ್ನೇ ಫ್ರೀಜರಿಗೆ ಹಾಕಿ ಕೊಟ್ಬಿಡು. ಮೊದಲು ಕೊಟ್ಟಿದ್ದು ದಾರೀಲಿ ಕೆಟ್ಟಿತ್ತು ಅನ್ನು. ನಾನಂತೂ ಬಾಯಿ ಬಿಡಲ್ಲ."

ಬಿಡುವುದಿಲ್ಲ ಎಂಬುದು ಪುಟ್ಟಿಗೂ ಗೊತ್ತಿತ್ತು. ಖಾಲಿ ಟ್ಯೂಬೊಂದನ್ನು ಕೈಗೆತ್ತಿಕೊಂಡಳು ಕೂಡ. ಆಮೇಲೆ ಅದನ್ನು ಕೆಳಗಿಟ್ಟಳು.

"ಲ್ಯಾಬ್ ಕೋಟು ಬಿಚ್ಚಬೇಡಿ ಅತ್ತಿಗೆ. ಹಾಗೇ ನನ್ನ ಜೊತೆ ಬನ್ನಿ."

ಊಟ ಮುಗಿಸಿ ಬಂದ ವಿಜ್ಞಾನಿಗೆ ಅವಳು ಸುತ್ತು ಬಳಸದೆ ಹೇಳಿದಳು. "ಫ್ರೀಜರಿನಲ್ಲಿರೋದು ನಾನು ಕಂಡುಹಿಡಿದದ್ದು. ಜಿಡ್ಡು ತಿನ್ನೋದು ಇವರು ಬೆಳೆಸಿದ್ದು."

ನಡೆದದ್ದನ್ನೆಲ್ಲ ಕೇಳಿ ಅವನು ಕನ್ನಡಕ ತೆಗೆದ. "ಹಾಗಾದ್ರೆ ನಿಮ್ಮ ಪೇಟೆಂಟಿಂದ ನಮಗೇನೂ ಉಪಯೋಗ ಇಲ್ಲ. ಮಾತುಕತೆ ಮೊದಲಿಂದ ಶುರು ಮಾಡ್ಬೇಕು. ಮಾರಾಟ ಆಗದೇನೂ ಹೋಗಬಹುದು."

"ಗೊತ್ತು," ಎಂದಳು ಪುಟ್ಟಿ.

ಅವನು ಕುರ್ಚಿಯನ್ನು ಅತ್ತಿಗೆಯ ಹತ್ತಿರಕ್ಕೆ ಎಳೆದುಕೊಂಡ. ಚುರುಕಾದದ್ದು ಯಾವುದೆಂದು ಹೇಗೆ ತಿಳಿಯುತ್ತಿತ್ತು ಎಂದು ಕೇಳಿದ. ಅತ್ತಿಗೆ ಮೊದಮೊದಲು ತಡವರಿಸಿದಳು, ಮಾತುಮಾತಿಗೂ ಪುಟ್ಟಿಯ ಮುಖ ನೋಡಿದಳು. ಆಮೇಲೆ ಮಾತು ಸಲೀಸಾಯಿತು. "ವಾಸನೆ ನೋಡ್ತೀನಿ. ಹುಳಿ ಹುಳಿ ಬಂದ್ರೆ ಅದು ಸೋಮಾರಿ. ಒದ್ದೆ ಮಣ್ಣಿನ ಥರ ಬಂದ್ರೆ ಇಟ್ಕೋಬೇಕು." ಅವನು ಎಲ್ಲವನ್ನೂ ಬರೆದುಕೊಂಡ. ಹತ್ತೊಂಬತ್ತು ವರ್ಷಗಳಲ್ಲಿ ಅವಳನ್ನು ಇದನ್ನು ಯಾರೂ ಕೇಳಿರಲಿಲ್ಲ, ಪುಟ್ಟಿಯೂ ಕೇಳಿರಲಿಲ್ಲ.

ಪುಟ ತಿರುವಿ ವಿಜ್ಞಾನಿ, "ಮೇಡಂ, ಇನ್ನೊಂದು ಪ್ರಶ್ನೆ," ಎಂದ.

"ಕೇಳಿ," ಎಂದು ಪುಟ್ಟಿ ತಲೆಯೆತ್ತಿದಳು. ಅವನು ಅತ್ತಿಗೆಯ ಕಡೆ ನೋಡುತ್ತಿದ್ದ.