ಮುಸುರೆ ಡಬರಿಯಲ್ಲಿ ಕರಡಿಗೆ

ಗುಬ್ಬಿಯ ಶಿವರುದ್ರಮ್ಮನಿಗೆ ಎರಡು ವಿಷಯದಲ್ಲಿ ಜಂಬ. ಒಂದು, ಕುಣಿಗಲ್ಲಿನ ತವರಿಂದ ಬಂದ ಬೆಳ್ಳಿ ಕರಡಿಗೆ. ಇಷ್ಟಲಿಂಗವನ್ನು ಅದರಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದಳು. ಇನ್ನೊಂದು, ತುಮಕೂರಿನಲ್ಲಿ ಬಿ.ಎಸ್ಸಿ. ಓದುವ ಮೊಮ್ಮಗಳು ಪಲ್ಲವಿ. ಸೋಮವಾರ ಮಠದಲ್ಲಿ ಪಲ್ಲವಿಗೆ ಲಿಂಗದೀಕ್ಷೆ. ಆವತ್ತು ತನ್ನ ಕರಡಿಗೆಯನ್ನೇ ಅವಳ ಕೊರಳಿಗೆ ಹಾಕಬೇಕೆಂಬುದು ಅಜ್ಜಿಯ ಆಸೆ.

ಆದರೆ ಕರಡಿಗೆ ಬಾಣಲೆಯ ತಳದ ಹಾಗೆ ಕಪ್ಪಾಗಿತ್ತು. ಅಕ್ಕಸಾಲಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ತೊಳೆದಾಗೆಲ್ಲ ಒಂದು ಪದರ ಬೆಳ್ಳಿ ಹೋಗ್ತದಮ್ಮ. ಇನ್ನೊಂದು ಸಲ ತಿಕ್ಕಿದ್ರೆ ಮುಚ್ಚಳದ ಮೇಲಿನ ಹೆಸರು ಅಳಿಸೋಗ್ತದೆ," ಎಂದ. ಅದು ಶಿವರುದ್ರಮ್ಮನ ತಾಯಿ ಪುಟ್ಟತಾಯಮ್ಮನ ಹೆಸರು. ಆಕೆಯ ಫೋಟೊ ಕೂಡ ಮನೆಯಲ್ಲಿಲ್ಲ. ಉಳಿದಿರುವುದು ಆ ಹೆಸರೊಂದೇ. ಕಪ್ಪು ಕರಡಿಗೆ ಕೊಟ್ಟರೆ ಮರ್ಯಾದೆ ಹೋಗುತ್ತದೆ, ತಿಕ್ಕಿಸಿದರೆ ಅವ್ವ ಹೋಗುತ್ತಾಳೆ. ಮುದುಕಿಗೆ ಊಟ ಸೇರಲಿಲ್ಲ.

"ತಿಕ್ಕೋದೇ ಬೇಡ ಬುಡಜ್ಜಿ," ಎಂದಳು ಪಲ್ಲವಿ. "ಅದು ಕೊಳೆ ಅಲ್ಲ, ಬೆಳ್ಳಿಗೆ ಗಂಧಕ ಸೇರ್ಕೊಂಡಿದೆ ಅಷ್ಟೆ. ಅಲ್ಯೂಮಿನಿಯಂ ಪಾತ್ರೇಲಿ ಬಿಸಿನೀರು, ಉಪ್ಪು, ಅಡುಗೆ ಸೋಡಾ ಹಾಕಿ, ತಳಕ್ಕೆ ತಾಗೋ ಹಂಗೆ ಇಟ್ಬುಡು. ಬೆಳ್ಳಿ ಬೆಳ್ಳಿಯಾಗೇ ವಾಪಸ್ ಬರುತ್ತೆ." ಹೇಳಿದವಳೇ ಕಾಲೇಜಿನ ರೈಲಿಗೆ ಓಡಿದಳು.

ಇಲ್ಲೇ ಎಡವಟ್ಟಾಯಿತು. ಮನೆಯಲ್ಲಿದ್ದ ಅಲ್ಯೂಮಿನಿಯಂ ಪಾತ್ರೆ ಒಂದೇ, ಹಸುವಿಗೆ ಮುಸುರೆ ಇಡುವ ಡಬರಿ. ಲಿಂಗ ಕೂತಿದ್ದ ಕರಡಿಗೆಯನ್ನು ಮುಸುರೆ ಡಬರಿಗೆ ಹಾಕುವುದುಂಟೇ? ಶಿವರುದ್ರಮ್ಮ ಸ್ನಾನ ಮಾಡಿ, ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಪೂಜೆಯ ಸ್ಟೀಲ್ ಪಾತ್ರೆಯಲ್ಲಿ ಎಲ್ಲವನ್ನೂ ಹಾಕಿ ಕಾದಳು. ನೀರು ತಣ್ಣಗಾಯಿತು. ಕರಡಿಗೆ ಕಪ್ಪಗೇ ಇತ್ತು. ಅಷ್ಟು ಹೊತ್ತಿಗೆ ಪಕ್ಕದ ಮನೆಯ ದಾಕ್ಷಾಯಣಿಯ ಮುಂದೆ ಮೊಮ್ಮಗಳ ವಿದ್ಯೆಯನ್ನು ಕೊಚ್ಚಿಕೊಂಡೂ ಆಗಿತ್ತು. ಹುಡುಗಿಯ ಓದೆಲ್ಲ ಬರೀ ಬಾಯಿಮಾತಾಯಿತಲ್ಲ ಎಂದು ಅಜ್ಜಿಗೆ ಕರಡಿಗೆಗಿಂತ ಅದೇ ಹೆಚ್ಚು ನೋಯಿತು.

ಸಂಜೆ ಬಂದ ಪಲ್ಲವಿ ಸ್ಟೀಲ್ ಪಾತ್ರೆ ನೋಡಿ ಹಣೆ ಚಚ್ಚಿಕೊಂಡಳು.

"ಕೆಲಸ ಮಾಡೋದೇ ಪಾತ್ರೆ ಕಣಜ್ಜಿ. ಅಲ್ಯೂಮಿನಿಯಂ ತನ್ನ ಎಲೆಕ್ಟ್ರಾನ್ ಬಿಟ್ಟುಕೊಡುತ್ತೆ, ಅದನ್ನ ಈಸ್ಕೊಂಡು ಬೆಳ್ಳಿ ಗಂಧಕನ ಬಿಡುತ್ತೆ. ಉಪ್ಪುನೀರು ಬರೀ ದಾರಿ. ಸ್ಟೀಲು ಹಂಗೆ ಬಿಟ್ಟುಕೊಡಲ್ಲ."

"ತಾನಾಗೇ ಯಾಕೆ ಕೊಡ್ತದೆ? ಅದಕ್ಕೇನು ಅಷ್ಟು ದೊಡ್ಡ ಮನಸ್ಸಾ?"

"ಕಡಬದ ಕೆರೆ ತೂಬು ಎತ್ತಿದ್ರೆ ನೀರು ತಗ್ಗಿಗೆ ತಾನಾಗೇ ಹೋಗಲ್ವ? ಹಂಗೆ. ಎರಡೂ ಕಡೆ ಸಮ ಆಗೋವರೆಗೂ ಹರಿಯುತ್ತೆ, ಆಮೇಲೆ ನಿಲ್ಲುತ್ತೆ."

ಅಜ್ಜಿ ಎದ್ದು ಡಬರಿಯನ್ನು ಹುಣಸೆಹಣ್ಣು, ಬೂದಿ ಹಾಕಿ ಬೆಳಗಿ, ಬಿಸಿನೀರಲ್ಲಿ ತೊಳೆದು, ಅದರ ಹೊರಮೈಗೆ ಮೂರು ಬೆರಳ ವಿಭೂತಿ ಎಳೆದಳು. ಪಲ್ಲವಿ ನಗು ನುಂಗಿಕೊಂಡಳು.

ನೀರಿಗಿಳಿದ ಕರಡಿಗೆಯ ಸುತ್ತ ಸಣ್ಣ ಗುಳ್ಳೆಗಳೆದ್ದವು. ಮೊಟ್ಟೆ ಮುಟ್ಟದ ಮನೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ! ಸೆರಗನ್ನು ಮೂಗಿಗೆ ಒತ್ತಿಕೊಂಡ ಅಜ್ಜಿ ಹಾಗೇ ಬಗ್ಗಿ ನೋಡುತ್ತಾ ನಿಂತಳು. ಕಪ್ಪು ಬಿಡುತ್ತಿತ್ತು. ಮುಚ್ಚಳದ ಮೇಲೆ ಮೊದಲು 'ಪು' ಕಂಡಿತು, ಆಮೇಲೆ ಇಡೀ ಹೆಸರು, ಒಂದು ಗೀರೂ ಸವೆಯದೆ. ಶಿವರುದ್ರಮ್ಮ ಅತ್ತೇಬಿಟ್ಟಳು. ಅವ್ವನ ನೆನಪಿಗೆ ಅರ್ಧ ಅತ್ತರೆ, ಉಳಿದರ್ಧ ಮೊಮ್ಮಗಳ ಮೇಲಿನ ಹೆಮ್ಮೆಗೆ.

ಸೋಮವಾರ ಮಠದಲ್ಲಿ ಪಲ್ಲವಿಯ ಎದೆಯ ಮೇಲೆ ಕರಡಿಗೆ ಹೊಳೆಯಿತು. ದೀಕ್ಷೆ ಮುಗಿದ ಮೇಲೆ ಹೆಂಗಸರು ಸುತ್ತುವರಿದು, ಯಾವ ಅಕ್ಕಸಾಲಿಯ ಕೈಯಲ್ಲಿ ಪಾಲಿಶ್ ಮಾಡಿಸಿದಿರಿ ಎಂದು ಕೇಳಿದರು. ಮಡಿ ಮೈಲಿಗೆ ಎಂದು ಬೀದಿಗೆಲ್ಲ ಬುದ್ಧಿ ಹೇಳುವವಳು ಶಿವರುದ್ರಮ್ಮ. ತುಮಕೂರಿನ ಯಾವುದೋ ಅಂಗಡಿ ಎಂದು ಹೇಳಿ ಜಾರಿಕೊಳ್ಳಬಹುದಿತ್ತು.

"ಅಕ್ಕಸಾಲಿ ಅಲ್ಲ, ನಮ್ಮ ಪಲ್ಲವಿ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಹಸುಗೆ ಮುಸುರೆ ಇಡೋ ಡಬರೀಲಿ."

"ಮುಸುರೆ ಡಬರೀಲಾ?" ದಾಕ್ಷಾಯಣಿ ಒಂದು ಹೆಜ್ಜೆ ಹಿಂದೆ ಸರಿದಳು.

"ಹೂಂ ಕಣವ್ವ. ಡಬರಿ ನಿಮ್ಮನೇಲೂ ಐತೆ. ಇಂಥ ಮೊಮ್ಮಗಳು ಇರಬೇಕಲ್ಲ."