ಶಾಲೆ ಬಿಟ್ಟ ಟೀಚರ್, ಬಿಡದ ಶಾಲೆ

ವಲಸೆ ಕಚೇರಿಯ ಗಾಜಿನ ಆಚೆ ಕೂತಿದ್ದ ಹುಡುಗಿ ಕಂಪ್ಯೂಟರ್ ನೋಡಿಕೊಂಡೇ ಹೇಳಿದಳು: "ನಿಮ್ಮ ಅರ್ಜಿ ತಡೆದಿಟ್ಟಿದೆ ಮೇಡಂ. ನೀವು ಹಳೆ ಶಾಲೆ ಬಿಟ್ಟೇ ಇಲ್ಲ ಅಂತ ಅವರು ತಿಳಿಸಿದ್ದಾರೆ."

ಬಿಟ್ಟಿಲ್ಲವಂತೆ! ರಾಜೀನಾಮೆ ಕೊಟ್ಟು, ಕೆಮಿಸ್ಟ್ರಿ ಲ್ಯಾಬಿನ ಬೀಗದ ಕೈ ಒಪ್ಪಿಸಿ, ಬೀಳ್ಕೊಡುಗೆಯ ಟೀ ಕುಡಿದು, ಹೂಗುಚ್ಛ ಹಿಡಿದು ಫೋಟೋಕ್ಕೆ ಹಲ್ಲು ಕಿರಿದು ಬಂದವಳು ನಾನು. ಇನ್ನೇನು ಗೋಡೆ ಒಡೆದುಕೊಂಡು ಬರಬೇಕಿತ್ತೇ?

ಈ ದೇಶದಲ್ಲಿ ಹೊರಗಿನಿಂದ ಬಂದ ಟೀಚರುಗಳ ಕೆಲಸದ ಪರ್ಮಿಟ್ಟು ಒಂದೇ ಶಾಲೆಗೆ ಗಂಟುಬಿದ್ದಿರುತ್ತದೆ. ಶಾಲೆ ಬದಲಿಸಬೇಕಾದರೆ ಹಳೆಯವರು 'ಬಿಟ್ಟುಕೊಟ್ಟಿದ್ದೇವೆ' ಅನ್ನಬೇಕು, ಹೊಸಬರು 'ತೆಗೆದುಕೊಂಡಿದ್ದೇವೆ' ಅನ್ನಬೇಕು. ಈ ತಿಂಗಳೊಳಗೆ ಅದು ಮುಗಿಯದಿದ್ದರೆ ಪರ್ಮಿಟ್ಟು ಸತ್ತಂತೆ. ಅದರ ಹಿಂದೆಯೇ ಯಜಮಾನರ ವೀಸಾ, ಮಗಳ ವೀಸಾ. ಮಗಳಿಗೆ ಇದು ಕೊನೆಯ ವರ್ಷದ ಪರೀಕ್ಷೆ. ಈಗ ಹೊರಡಿಸುವುದೆಂದರೆ ಉಣ್ಣುತ್ತಿರುವ ಕೂಸನ್ನು ಎಲೆಯ ಮುಂದಿನಿಂದ ಎಬ್ಬಿಸಿದ ಹಾಗೆ.

ಮನೆಗೆ ಬಂದು ವಿಷಯ ಹೇಳಿದೆ. ನಮ್ಮವರು ಮನೆಗೆ ಯಜಮಾನರಾದರೂ ವೀಸಾದಲ್ಲಿ ನನ್ನ ಬಾಲ. ಕೆಲಸ ಮಾಡುವ ಹಾಗಿಲ್ಲ, ಹಾಗಾಗಿ ಅನುಮಾನ ಪಡುವುದೇ ಅವರ ಉದ್ಯೋಗ.

"ಅವತ್ತೇ ಹೇಳಿದ್ನಲ್ಲ," ಎಂದರು ಬೀನ್ಸ್ ಹೆಚ್ಚುತ್ತಾ. "ನಿನ್ನ ಗಣಿತದಕ್ಕ ಸುಮ್ನೆ ಕೂರೋ ಆಸಾಮಿ ಅಲ್ಲ. ಒಳಗೇ ಲೆಕ್ಕ ಹಾಕ್ತಾರೆ."

ಗಣಿತದಕ್ಕ ಅಂದರೆ ಆ ಶಾಲೆಯಲ್ಲಿ ನನ್ನನ್ನು ಬಿಟ್ಟರೆ ನಮ್ಮ ಭಾಷೆ ಬಲ್ಲ ಒಬ್ಬರೇ ಒಬ್ಬರು, ಗಣಿತದ ಟೀಚರ್. ನಾನು ಬಂದ ಹೊಸತರಲ್ಲಿ ಮನೆ ಹುಡುಕಿಕೊಟ್ಟವರು, ಮಗಳಿಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತವರು. ಅಂಥವರ ಮೇಲೆ ಅನುಮಾನವೇ ಎಂದು ನನ್ನವರನ್ನು ಗದರಿದೆ. ಗದರಿದೆನೇ ಹೊರತು ಹುಳ ಆಗಲೇ ತಲೆಯೊಳಗೆ ಹೊಕ್ಕಿತ್ತು.

ಅಕ್ಕನ ತಂಗಿಯ ಮಗಳೂ ಕೆಮಿಸ್ಟ್ರಿ ಟೀಚರೇ. ನನಗೆ ಸಿಕ್ಕಿದ ಹೊಸ ಶಾಲೆಯ ಕೆಲಸಕ್ಕೆ ಅವಳೂ ಅರ್ಜಿ ಹಾಕಿದ್ದಳು. ನನಗೆ ತಪ್ಪಿದರೆ ಅವಳಿಗೇ. ಬೀಳ್ಕೊಡುಗೆಯಾದ ಮೇಲೆ ಅಕ್ಕ ಒಮ್ಮೆಯೂ ಫೋನ್ ಮಾಡಿರಲಿಲ್ಲ. ಅವರು ಶಾಲೆಯ ಮ್ಯಾನೇಜರ್ ಕೋಣೆಯಿಂದ ಮುಖ ಕೆಂಪಗೆ ಮಾಡಿಕೊಂಡು ಹೊರಬಂದದ್ದನ್ನು ಲೈಬ್ರರಿಯವಳು ನೋಡಿದ್ದಳಂತೆ. ಒಂದಕ್ಕೊಂದು ಕೂಡಿಸಿದೆ. ಬೇರೆ ಉತ್ತರವೇ ಬರಲಿಲ್ಲ.

ಮರುದಿನ ಹಳೆ ಶಾಲೆಗೆ ಹೋದೆ. ರಜೆ. ಕಾರಿಡಾರಿನಲ್ಲಿ ನೆಲಕ್ಕೆ ಪಾಲಿಶ್ ಹಾಕುತ್ತಿದ್ದರು, ಕುರ್ಚಿಗಳೆಲ್ಲ ಮೇಜಿನ ಮೇಲೆ ತಲೆಕೆಳಗಾಗಿದ್ದವು. ಸ್ಟಾಫ್ ರೂಮಿನ ಮೂಲೆಯಲ್ಲಿ ಅಕ್ಕ ಒಬ್ಬರೇ ಕೂತು ಮುಂದಿನ ವರ್ಷದ ಟೈಂಟೇಬಲ್ ಹಾಕುತ್ತಿದ್ದರು.

"ಏನೇ, ಕೆಲಸ ಆಯ್ತಾ?" ಎಂದು ನಗುತ್ತಾ ಕೇಳಿದರು.

ಆ ನಗು ನೋಡಿ ಮೈಯೆಲ್ಲ ಉರಿದುಹೋಯಿತು. "ಆಗದ ಹಾಗೆ ನೀವೇ ನೋಡ್ಕೊಂಡ್ರಲ್ಲ ಅಕ್ಕ! ತಂಗಿ ಮಗಳಿಗೆ ಆ ಕೆಲಸ ಬೇಕಿದ್ರೆ ಬಾಯಿಬಿಟ್ಟು ಹೇಳಬಹುದಿತ್ತು. ನಾನು ಬಿಟ್ಟೇ ಇಲ್ಲ ಅಂತ ಮ್ಯಾನೇಜರ್ ಕಿವಿ ಊದಿ ನನ್ನ ಮಗಳ ಬದುಕಿಗೆ ಯಾಕೆ ಕಲ್ಲು ಹಾಕಿದ್ರಿ? ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ!"

ನಮ್ಮ ಮನೆಯಲ್ಲಿ ಎಷ್ಟು ಸಲ ಉಂಡಿದ್ದರೋ, ಅವರ ಮನೆಯಲ್ಲಿ ನಾವು ಅದಕ್ಕೂ ಹೆಚ್ಚು ಉಂಡಿದ್ದೆವು. ಆಡಿದ ಮಾತು ಆಡಿಹೋಗಿತ್ತು. ಅಕ್ಕನ ಮುಖ ಒಮ್ಮೆಲೇ ಬಿಳಿಚಿಕೊಂಡಿತು. ಪೆನ್ನಿಗೆ ಮುಚ್ಚಳ ಹಾಕಿ ಎದ್ದರು.

"ಬಾ," ಎಂದಷ್ಟೇ ಹೇಳಿ ಮ್ಯಾನೇಜರ್ ಕೋಣೆಗೆ ಕರೆದುಕೊಂಡು ಹೋದರು.

ಮ್ಯಾನೇಜರ್ ವಯಸ್ಸಾದ ಮನುಷ್ಯ, ಈ ದೇಶದವರೇ. ನನ್ನನ್ನು ಕಂಡು ಅವರ ಮುಖ ಅರಳಿತು. "ಬಂದೇಬಿಟ್ರಾ! ನನಗೆ ಗೊತ್ತಿತ್ತು."

"ನಾನು ರಾಜೀನಾಮೆ ಕೊಟ್ಟಿದ್ದೀನಿ ಸಾರ್. ಬಿಟ್ಟಿಲ್ಲ ಅಂತ ಯಾಕೆ ತಿಳಿಸಿದ್ರಿ? ಯಾರು ಹೇಳಿದ್ರು ನಿಮಗೆ?"

"ನೀವೇ! ಟೀ ಆದ್ಮೇಲೆ ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದು, 'ಐ ವಿಲ್ ಗೋ ಅಂಡ್ ಕಮ್' ಅಂದ್ರಿ. ನಿಜವಾಗ್ಲೂ ಬರ್ತೀರಾ ಅಂತ ಕೇಳಿದೆ. 'ಖಂಡಿತ ಬರ್ತೀನಿ ಸಾರ್' ಅಂದ್ರಿ. ಮನಸ್ಸು ಬದಲಾಯಿಸಿದ್ರಿ ಅಂತ ಖುಷಿಯಾಗಿ ರಾಜೀನಾಮೆ ತಡೆದಿಟ್ಟೆ." ಅಕ್ಕನ ಕಡೆ ಬೆರಳು ತೋರಿಸಿದರು. "ಇವರು ಬಂದು ದೊಡ್ಡ ಜಗಳ ಮಾಡಿದ್ರು. ಅವಳು ಬರೋಲ್ಲ, ಅದು ನಮ್ಮಲ್ಲಿ ಹೇಳೋ ರೀತಿ, ಅವಳ ಕಾಗದ ಬೇಗ ಕಳಿಸಿ ಅಂತ. ನಿಮ್ಮ ಜಾಗಕ್ಕೆ ತಂಗಿ ಮಗಳನ್ನ ತರೋಕೆ ನಾಟಕ ಆಡ್ತಿದಾರೆ ಅಂದ್ಕೊಂಡೆ."

ನನಗೆ ನಾಚಿಕೆಯಿಂದ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಪಾಪ, ಅಕ್ಕನ ತಂಗಿಯ ಮಗಳನ್ನು ಮ್ಯಾನೇಜರೂ ನಾನೂ ಎರಡು ಕಡೆಯಿಂದ ಜಗ್ಗಿದ್ದೆವು.

"ಹಾಗಾದ್ರೆ ಈಗ ಸರಿಯಾಗಿ ಹೇಳಿ," ಎಂದರು ಮ್ಯಾನೇಜರ್. "ಹೋಗ್ತೀರಾ, ಬರ್ತೀರಾ?"

'ಹೋಗ್ತೀನಿ' ಅಂದರೆ ನಮ್ಮಜ್ಜಿ ಬಾಯಿಗೇ ಹೊಡೆಯುತ್ತಿದ್ದರು. ಹಾಗೆ ಹೋಗುವವರು ನಾಲ್ಕು ಜನರ ಹೆಗಲ ಮೇಲೆ ಹೋಗುವವರು ಮಾತ್ರ ಎನ್ನುತ್ತಿದ್ದರು. ಮಗಳನ್ನು ನೆನೆದು ಹೇಳಿಯೇಬಿಟ್ಟೆ.

"ಹೋಗ್ತೀನಿ ಸಾರ್. ಮತ್ತೆ ಬರೋದಿಲ್ಲ."

ಅವರು ನಿಟ್ಟುಸಿರು ಬಿಟ್ಟು, ನನ್ನನ್ನು ಬಿಟ್ಟುಕೊಟ್ಟಿದ್ದೇವೆಂದು ಅಲ್ಲೇ ವಲಸೆ ಕಚೇರಿಗೆ ಬರೆದು ಕಳಿಸಿದರು. ಸಂಜೆಯೊಳಗೆ ಅರ್ಜಿ ಮುಂದೆ ಹೋಗುತ್ತದೆ, ಪರ್ಮಿಟ್ಟಿಗೆ ತೊಂದರೆಯಿಲ್ಲ ಎಂದರು.

ಹೊರಗೆ ಬಂದಾಗ ಅಕ್ಕ ಆಗಲೇ ಸ್ಟಾಫ್ ರೂಮ್ ಸೇರಿ ಟೈಂಟೇಬಲ್ ಮುಂದೆ ಕೂತಿದ್ದರು. ಹೋಗಿ ಪಕ್ಕದಲ್ಲಿ ನಿಂತೆ.

"ತಪ್ಪಾಯ್ತು ಅಕ್ಕ. ಫೋನಾದ್ರೂ ಮಾಡಬಾರದಿತ್ತಾ?"

"ಸರಿಮಾಡಿ ಆಮೇಲೆ ಹೇಳೋಣ ಅಂತಿದ್ದೆ. ನೀನು ಸುಮ್ನೆ ಗಾಬರಿಯಾಗ್ತೀಯ ಅಂತ." ಸ್ಕೇಲಿಟ್ಟು ಒಂದು ಗೆರೆ ಎಳೆದರು. "ಮಗೂಗೆ ಪರೀಕ್ಷೆ ಚೆನ್ನಾಗಿ ಬರೀಲಿಕ್ಕೆ ಹೇಳು."

ಇನ್ನೇನಾದರೂ ಅನ್ನುತ್ತಾರೇನೋ ಎಂದು ಕಾದೆ. ಬೈದರೂ ಸಾಕಿತ್ತು. ಅವರು ಬೈಯಲಿಲ್ಲ. ಬಾಗಿಲವರೆಗೆ ಹೋಗಿ ತಿರುಗಿದೆ.

"ಹೋಗಿ ಬರ್ತೀನಿ ಅಕ್ಕ."

'ಹೋಗಿ ಬಾ' ಅನ್ನಬೇಕಿತ್ತು. ಹಗೆಯವರಿಗೂ ಹಾಗೇ ಅನ್ನುತ್ತೇವೆ.

ಅಕ್ಕ ತಲೆಯೆತ್ತಲಿಲ್ಲ.

"ಹೋಗು," ಎಂದರು.